ಗಾಲಿ ಬದಲಿಸುವ ಮುನ್ನ



ಈ ತಿಂಗಳ ಪ್ರಶ್ನೆ ಗಾಲಿಯದು. ಪ್ರಾರ್ಥನೆ, ವಿಶ್ವಾಸಗಳ ಬಗ್ಗೆ ಕುಟುಂಬಗಳು ನಮ್ಮನ್ನು ಕೇಳುವಂತೆ ದುಡ್ಡಿನ ಬಗ್ಗೆಯೂ ಕೇಳುತ್ತವೆ. ಬಹಳಷ್ಟು ಮನೆಗಳಲ್ಲಿ ಮಾತು ನಿಲ್ಲುವುದು ಈ ಎರಡನೆಯ ವಿಷಯಕ್ಕೇ.

ಪ್ರಶ್ನೆ ಬಂದಿರುವುದು ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವ ಭಾಗದ ಒಂದು ಹಳ್ಳಿಯಿಂದ. ನಕ್ಷೆಯಲ್ಲಿ ಆ ಊರು ಮಹಾರಾಷ್ಟ್ರ. ಮನೆಯೊಳಗಿನ ಮಾತು ಕನ್ನಡ. ದೊಡ್ಡ ಆಸ್ಪತ್ರೆ, ದೊಡ್ಡ ಸಂತೆ ಎಂದರೆ ವಿಜಯಪುರ. ಮಳೆ ಕೈಕೊಡುವ ಸೀಮೆ. ದೀಪಾವಳಿ ಮುಗಿಯುತ್ತಿದ್ದಂತೆ ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಕಬ್ಬು ಕಡಿಯಲು ಹೊರಡುತ್ತವೆ. ಪ್ರಶ್ನೆ ಕೇಳಿದ ತಾಯಿಯ ಕುಟುಂಬವೂ ಅವುಗಳಲ್ಲೊಂದು.

ಅವರ ಮಗನಿಗೆ ಹದಿನೇಳು ವರ್ಷ. ಎರಡು ವರ್ಷದ ಹಿಂದೆ, ಇಪ್ಪತ್ತು ಸಾವಿರದ ಒಳಗೆ ಸಿಗುವ ಒಂದು ರೇಸಿಂಗ್ ಸೈಕಲ್ಲನ್ನು ಅವನಿಗೆ ಕೊಡಿಸಿದ್ದಾರೆ. ಈಗ ಅದಕ್ಕೆ ಹಗುರಾದ ಹೊಸ ಗಾಲಿಗಳ ಜೋಡಿ ಬೇಕೆಂದು ಅವನ ಬೇಡಿಕೆ. ಬೆಲೆ ಹದಿನೆಂಟು ಸಾವಿರ. ಮನೆಯಲ್ಲಿರುವುದು ಕಬ್ಬಿನ ಮುಕಾದಮನಿಂದ ಪಡೆದ ಮುಂಗಡದ ಹಣ. ಐದು ತಿಂಗಳು ಬೆನ್ನು ಬಗ್ಗಿಸಿ ತೀರಿಸಬೇಕಾದದ್ದು. ತಂದೆ ಆಗದು ಎಂದರು. ಮಗ ತಂದೆಯೊಂದಿಗೆ ಮಾತು ಬಿಟ್ಟು ಮೂರು ವಾರವಾಯಿತು.

“ಇದ್ದ ಗಾಲಿ ತಿರಗತಾವ್ರಿ ಫಾದರ್. ಮತ್ತ ಹೊಸಾವು ಯಾಕ ಬೇಕು? ಇದು ಹಟಾನೋ, ಖರೇನ ಬೇಕಾದದ್ದೋ, ನೀವ ಹೇಳ್ರಿ” ಎಂಬುದು ಆ ತಾಯಿಯ ಪ್ರಶ್ನೆ.

ಸರಳ ಜೀವನದ ಬಗ್ಗೆ ಒಂದು ಪ್ರಬೋಧನೆ ಕೊಟ್ಟು ಕಳುಹಿಸುವುದು ಸುಲಭ. ಆದರೆ ಗಾಲಿಯನ್ನು ನೋಡದೆ ಗಾಲಿಯ ಬಗ್ಗೆ ತೀರ್ಪು ಕೊಡುವುದು ನ್ಯಾಯವಲ್ಲ. ಆದ್ದರಿಂದ ಈ ಸಲ ಗಾಲಿಯನ್ನೇ ನೋಡೋಣ.

ಹಟವೋ, ಅಗತ್ಯವೋ?

ಸೈಕಲ್ ಓಟ ಈ ಸೀಮೆಯ ಹುಡುಗರಿಗೆ ಬರೀ ಮೋಜಿನ ಆಟವಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಪಕ್ಕದ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು ಕರ್ನಾಟಕದ ಸೈಕ್ಲಿಂಗಿನ ತವರು. ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದ ಎಷ್ಟೋ ಹುಡುಗ ಹುಡುಗಿಯರು ಅಲ್ಲಿಯ ರೈತರ, ಕೂಲಿಕಾರರ ಮನೆಗಳಿಂದ ಬಂದವರು. ಸರ್ಕಾರದ ಕ್ರೀಡಾನಿಲಯಗಳಲ್ಲಿ ಸೈಕ್ಲಿಂಗಿಗೆಂದೇ ಮಕ್ಕಳನ್ನು ಆರಿಸಿಕೊಳ್ಳುತ್ತಾರೆ. ಚೆನ್ನಾಗಿ ಓಡಿಸಿದವರಿಗೆ ರೈಲ್ವೆಯಲ್ಲಿ, ಸೇನೆಯಲ್ಲಿ ಕ್ರೀಡಾ ಕೋಟಾದಡಿ ಕೆಲಸ ಸಿಕ್ಕಿದ್ದೂ ಉಂಟು. ಜಾತ್ರೆ ಬಂತೆಂದರೆ ಎತ್ತಿನ ಗಾಡಿಯ ಶರ್ಯತ್ತಿನ ಜೊತೆಗೆ ಸೈಕಲ್ ಶರ್ಯತ್ತೂ ಇರುತ್ತದೆ.

ವಿಜಯಪುರ–ಗುಹಾಗರ ಹೆದ್ದಾರಿ ಜತ್ತವನ್ನು ಹಾದುಹೋಗುತ್ತದೆ. ಬೆಳಗಿನ ಜಾವ ಆ ರಸ್ತೆಯಲ್ಲಿ ಹ್ಯಾಂಡಲಿನ ಮೇಲೆ ಬಾಗಿ ಹೋಗುವ ಹುಡುಗನಿಗೆ, ಕಬ್ಬಿನ ಗದ್ದೆಗೆ ಹೋಗದ ದಾರಿ ಇದೊಂದೇ ಎಂದು ಅನ್ನಿಸಿದ್ದರೆ ಅದನ್ನು ಹಟ ಎಂದು ಕರೆಯುವಂತಿಲ್ಲ.

ಮಕ್ಕಳು ಗಾಲಿಯ ಬಗ್ಗೆ ದೂರಿದಾಗ ಕಿವಿಗೊಟ್ಟ ಒಬ್ಬ ತಂದೆಯ ಕತೆ ಚರಿತ್ರೆಯಲ್ಲಿದೆ. ಜಾನ್ ಬಾಯ್ಡ್ ಡನ್‌ಲಪ್ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯರಾಗಿದ್ದರು. ಮಗನ ಮೂರು ಗಾಲಿಯ ಸೈಕಲ್ಲಿಗೆ ಗಟ್ಟಿ ರಬ್ಬರಿನ ಟಯರು. ಕಲ್ಲು ಹಾಸಿದ ಬೀದಿಯಲ್ಲಿ ಅದು ಎತ್ತಿ ಎತ್ತಿ ಹಾಕುತ್ತಿತ್ತು. ತಂದೆ ರಬ್ಬರಿನ ಕೊಳವೆಗೆ ಗಾಳಿ ತುಂಬಿ, ಬಟ್ಟೆ ಸುತ್ತಿ ಗಾಲಿಗೆ ಕೂರಿಸಿ ನೋಡಿದರು. 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಇಂದು ಗಾಳಿ ತುಂಬಿದ ಟಯರಿಲ್ಲದ ಸೈಕಲ್ಲು ಕಾಣುವುದು ಅಪರೂಪ.

ಆ ತಂದೆ ಇಡೀ ಗಾಡಿಯನ್ನು ಬದಲಿಸಲಿಲ್ಲ. ನೋವು ಎಲ್ಲಿದೆ ಎಂದು ನೋಡಿ, ಅಲ್ಲಿಗೆ ಕೈಹಾಕಿದರು.

ಹೊಸ ಗಾಲಿ ಕೊಡುವುದೆಷ್ಟು?

ಹುಡುಗನ ತೂಕ 55 ಕಿಲೋ, ಸೈಕಲ್ಲು 13 ಕಿಲೋ, ನೀರಿನ ಬಾಟಲಿ ಒಂದು ಕಿಲೋ ಎಂದಿಟ್ಟುಕೊಳ್ಳೋಣ. ಒಟ್ಟು 69 ಕಿಲೋ. ಹೊಸ ಗಾಲಿಗಳಿಂದ 700 ಗ್ರಾಂ ಇಳಿಯಿತು ಎಂದರೆ ನೂರಕ್ಕೆ ಒಂದು ಪಾಲು ಹಗುರಾಯಿತು. 20 ನಿಮಿಷದ ಏರಿನಲ್ಲಿ ಹೆಚ್ಚೆಂದರೆ 12 ಸೆಕೆಂಡು ಉಳಿಯಬಹುದು. ನಿಂತಲ್ಲಿಂದ ವೇಗ ಹಿಡಿಯುವಾಗ ಗಾಲಿಯ ಅಂಚಿನ ಭಾರ ತುಸು ಹೆಚ್ಚು ಲೆಕ್ಕಕ್ಕೆ ಬರುತ್ತದೆ, ನಿಜ. ಆದರೆ ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಈ ವ್ಯತ್ಯಾಸ ಬಹುತೇಕ ಗೊತ್ತೇ ಆಗುವುದಿಲ್ಲ. ಅಲ್ಲಿ ಸವಾರ ಹೋರಾಡುವುದು ಎದುರು ಗಾಳಿಯೊಂದಿಗೆ ಮತ್ತು ಟಯರು ನೆಲಕ್ಕೆ ಉಜ್ಜಿ ತಿನ್ನುವ ಬಲದೊಂದಿಗೆ.

ಇನ್ನು ರಸ್ತೆಯ ಮಾತು. ಹೆದ್ದಾರಿ ಬಿಟ್ಟು ಹಳ್ಳಿಯ ದಾರಿಗೆ ಇಳಿದರೆ ಕಿತ್ತ ಡಾಂಬರು, ಕಡಿ ಕಲ್ಲು, ಬೇಲಿಯಿಂದ ಬಿದ್ದ ಜಾಲಿ ಮುಳ್ಳು. ರಸ್ತೆಯಂಚಿನಲ್ಲಿ ನೆಗ್ಗಿಲು ಹಬ್ಬಿರುತ್ತದೆ. ಅದರ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೆ ಮುಖಮಾಡಿಯೇ ಇರುತ್ತದೆ. ಶರ್ಯತ್ತಿನಲ್ಲಿ ಒಂದು ಪಂಚರ್ ಆದರೆ ಹೋಗುವುದು 12 ಸೆಕೆಂಡಲ್ಲ, ಇಡೀ ಶರ್ಯತ್ತೇ ಹೋಗುತ್ತದೆ.

ಹಾಗಾದರೆ ಹುಡುಗನ ದೂರು ಸುಳ್ಳೇ? ಅಲ್ಲ. ಕಡಿಮೆ ಬೆಲೆಯ ಸೈಕಲ್ಲಿನಲ್ಲಿ ಕಂಪನಿಯವರು ಹಣ ಉಳಿಸುವ ಜಾಗಗಳಲ್ಲಿ ಗಾಲಿ ಮುಖ್ಯವಾದದ್ದು. ಯಂತ್ರದಲ್ಲಿ ಅವಸರವಾಗಿ ಬಿಗಿದ ಕಡ್ಡಿಗಳು, ಗ್ರೀಸು ಕಡಿಮೆ ಇರುವ ಹಬ್ಬು, ದಪ್ಪ ಒರಟು ಟಯರು. “ಸೈಕಲ್ ಎಳ್ಯಾಕ ಬರವಲ್ದು” ಎಂದು ಅವನು ಹೇಳಿದರೆ ಅದು ನಿಜವಿರಬಹುದು. ಕಾಯಿಲೆ ನಿಜ. ಅವನು ಹೇಳುತ್ತಿರುವ ಔಷಧಿ ಮಾತ್ರ ದುಬಾರಿಯದು, ಅದೂ ಕಡೆಯದು.

ಖರ್ಚಿಗೊಂದು ಸರದಿ

ಗೋಪುರ ಕಟ್ಟುವವನು ಮೊದಲು ಕುಳಿತು ಲೆಕ್ಕ ಹಾಕಬೇಕೆಂದು ಪ್ರಭು ಯೇಸು ಹೇಳಿದ್ದನ್ನು ಸಂತ ಲೂಕರ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಓದುತ್ತೇವೆ. ಗಾಲಿಗೂ ಆ ಮಾತು ಸಲ್ಲುತ್ತದೆ. ನಾವು ಆ ಕುಟುಂಬಕ್ಕೆ ಸೂಚಿಸಿದ ಸರದಿ ಹೀಗಿದೆ.

ಮೊದಲು ಇದ್ದ ಗಾಲಿಯನ್ನು ಸರಿಮಾಡಿಸುವುದು. ಸೈಕಲ್ಲನ್ನು ಮೇಲಕ್ಕೆತ್ತಿ ಗಾಲಿ ತಿರುಗಿಸಿ, ಬ್ರೇಕ್ ರಬ್ಬರಿನ ಪಕ್ಕದಲ್ಲಿ ಕಣ್ಣಿಟ್ಟು ನೋಡಬೇಕು. ರಿಮ್ಮು ಅತ್ತಿತ್ತ ಓಲಾಡಿದರೆ ಮಿಸ್ತ್ರಿಯ ಬಳಿ ಔಟ್ ತೆಗೆಸಬೇಕು. ಅಚ್ಚನ್ನು ಬಿಚ್ಚಿ, ಬೇರಿಂಗಿನ ಗುಂಡುಗಳನ್ನು ತೊಳೆದು, ಸವೆದಿದ್ದರೆ ಬದಲಿಸಿ, ಹೊಸ ಗ್ರೀಸು ತುಂಬಿಸಬೇಕು. ಕೋನನ್ನು ಬಿಗಿಯಾಗಿಸಿದರೆ ಗಾಲಿ ಭಾರವಾಗಿ ತಿರುಗುತ್ತದೆ, ಸಡಿಲಾದರೆ ಅಲುಗಾಡುತ್ತದೆ. ಈ ಕೆಲಸಕ್ಕೆ ತಗಲುವುದು ಕೆಲವು ನೂರು ರೂಪಾಯಿ.

ಎರಡನೆಯದು ಟಯರು ಮತ್ತು ಟ್ಯೂಬು. ಕೊಟ್ಟ ಹಣಕ್ಕೆ ಅತಿ ಹೆಚ್ಚು ಲಾಭ ಸಿಗುವುದು ಇಲ್ಲಿಯೇ. ಮೃದುವಾದ ಮೈಯುಳ್ಳ, ಒಳಗೆ ಮುಳ್ಳು ತಡೆಯುವ ಪದರವಿರುವ ಟಯರು ಆರಿಸಬೇಕು. ತೆಳುವಾದಷ್ಟೂ ವೇಗ ಎಂಬ ನಂಬಿಕೆ ಹುಡುಗರಲ್ಲಿದೆ. ಒರಟು ರಸ್ತೆಯಲ್ಲಿ ಅದು ನಿಜವಲ್ಲ. ಕಲ್ಲಿನಂತೆ ಬಿಗಿದ 23 ಮಿಲಿಮೀಟರಿನ ಟಯರು ಪುಟಿಯುತ್ತ ಹೋಗಿ ಬಲವನ್ನು ಹಾಳುಮಾಡುತ್ತದೆ. ಫ್ರೇಮಿನಲ್ಲಿ, ಬ್ರೇಕಿನಲ್ಲಿ ಜಾಗವಿದ್ದರೆ 28 ಮಿಲಿಮೀಟರಿನದು, ತುಸು ಕಡಿಮೆ ಗಾಳಿಯಲ್ಲಿ, ಹೆಚ್ಚು ಸಲೀಸಾಗಿ ಓಡುತ್ತದೆ.

ಟಯರು ಕೊಳ್ಳುವಾಗ ಒಂದು ಎಚ್ಚರ. ರೇಸಿಂಗ್ ಸೈಕಲ್ಲಿನ 700ಸಿ ಗಾಲಿಗೆ ಟಯರಿನ ಬದಿಯಲ್ಲಿ 622 ಎಂಬ ಅಂಕಿ ಇರಬೇಕು. ಅಪ್ಪನ ಹಳೆಯ ಕರಿ ಸೈಕಲ್ಲಿನ 28 ಇಂಚಿನ ಟಯರಿನ ಅಂಕಿ 635. ಕಣ್ಣಿಗೆ ಎರಡೂ ಒಂದೇ ಅಳತೆ. ಆದರೆ ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಅಂಗಡಿಗೆ ಹೋಗುವಾಗ ಈ ಅಂಕಿಯನ್ನು ಬರೆದುಕೊಂಡು ಹೋಗಿ.

ಮೂರನೆಯದು ಹಿಂದಿನ ಗಾಲಿ. ಜೋಡಿಯನ್ನು ಒಟ್ಟಿಗೆ ಕೊಳ್ಳಬೇಕೆಂಬ ನಿಯಮವೇನಿಲ್ಲ. ಸವಾರನ ಭಾರ ಹೆಚ್ಚು ಬೀಳುವುದು ಹಿಂದಕ್ಕೆ, ಚೈನು ಎಳೆಯುವುದು ಹಿಂದಿನದನ್ನು, ಕಡ್ಡಿ ಮುರಿಯುವುದೂ ಹೆಚ್ಚಾಗಿ ಅಲ್ಲಿಯೇ. ಜೋಡಿ ಗೋಡೆಯ ಅಲ್ಯೂಮಿನಿಯಂ ರಿಮ್ಮು, 32 ಅಥವಾ 36 ಸ್ಟೀಲಿನ ಕಡ್ಡಿ ಹಾಕಿ, ಅನುಭವಿ ಮಿಸ್ತ್ರಿ ಕೈಯಿಂದ ಹೆಣೆದ ಗಾಲಿ ನಮ್ಮ ರಸ್ತೆಗಳಿಗೆ ಬಾಳಿಕೆ ಬರುತ್ತದೆ. ಇಪ್ಪತ್ತೇ ಕಡ್ಡಿಗಳ ಅಂದದ ಗಾಲಿಯಲ್ಲಿ ಒಂದು ಮುರಿದರೆ ಮನೆ ಮುಟ್ಟುವುದು ಕಷ್ಟ. 36ರಲ್ಲಿ ಒಂದು ಮುರಿದರೆ ಮಿಕ್ಕವು ಹೇಗೋ ಮನೆ ಮುಟ್ಟಿಸುತ್ತವೆ.

ಇಲ್ಲಿಯೂ ಅಳತೆ ನೋಡಬೇಕು. ಗಾಲಿ ಕೂರುವ ಹಿಂದಿನ ಎರಡು ಕವಲುಗಳ ನಡುವಿನ ಅಂತರ ಸೈಕಲ್ಲಿನಿಂದ ಸೈಕಲ್ಲಿಗೆ 126, 130, 135 ಮಿಲಿಮೀಟರ್ ಹೀಗೆ ಬೇರೆ ಬೇರೆ ಇರುತ್ತದೆ. ಏಳು ಹಲ್ಲುಚಕ್ರಗಳ ಅಗ್ಗದ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಹಬ್ಬಿಗೆ ಮರೆಯಂತೆ ತಿರುಗಿಸಿ ಕೂರಿಸುವ ಫ್ರೀವೀಲ್ ಇರುತ್ತದೆ. ಬೆಲೆಯುಳ್ಳ ಹೊಸ ಗಾಲಿಗಳು ಕ್ಯಾಸೆಟ್ ಎಂಬ ಬೇರೆ ಜೋಡಣೆಗೆ ಮಾಡಿದವು. ಗಾಲಿ ತಂದ ಮೇಲೆ ಹಲ್ಲುಚಕ್ರ, ಆಮೇಲೆ ಚೈನು, ಆಮೇಲೆ ಗೇರಿನ ಲೀವರು ಎಂದು ಖರ್ಚು ಬಾಲದಂತೆ ಬೆಳೆಯುತ್ತದೆ. ಹದಿನೆಂಟು ಸಾವಿರ ಎಂದು ಹೊರಟದ್ದು ಅಲ್ಲಿಗೇ ನಿಲ್ಲುವುದಿಲ್ಲ ಎಂಬುದನ್ನು ಮಗನಿಗೆ ಲೆಕ್ಕ ಬರೆದೇ ತೋರಿಸಬೇಕು.

ಒಂದು ಸಂದರ್ಭದಲ್ಲಿ ಮಾತ್ರ ಗಾಲಿಯನ್ನು, ಕನಿಷ್ಠ ರಿಮ್ಮನ್ನಾದರೂ, ಕೂಡಲೇ ಬದಲಿಸಬೇಕು. ರಿಮ್ಮಿನ ಬದಿಯನ್ನು ಹಿಡಿದು ನಿಲ್ಲಿಸುವ ಬ್ರೇಕು ಇದ್ದರೆ, ದೂಳು ಮರಳು ಸೇರಿ ಆ ಬದಿ ವರ್ಷಗಟ್ಟಲೆ ಸವೆಯುತ್ತದೆ. ಬೆರಳಾಡಿಸಿದಾಗ ಬದಿ ಒಳಕ್ಕೆ ತಗ್ಗಿದಂತೆ ಅನ್ನಿಸಿದರೆ, ಅಥವಾ ಸಣ್ಣ ಸೀಳು ಕಂಡರೆ, ಅದು ಇಳಿಜಾರಿನಲ್ಲಿ ಒಡೆದು ಸವಾರನನ್ನು ಕೆಡವಬಹುದು. ಅಲ್ಲಿ ಹಣದ ಲೆಕ್ಕ ಹಿಡಿಯಬಾರದು.

ಕಡ್ಡಿಗಳ ಪಾಠ

ಈ ಪ್ರಶ್ನೆಯ ನೆಪದಲ್ಲಿ ಸೈಕಲ್ ಗಾಲಿಯ ಒಂದು ಗುಟ್ಟನ್ನು ನಮ್ಮ ಕುಟುಂಬಗಳ ಮುಂದಿಡುವ ಆಸೆ.

ಎತ್ತಿನ ಗಾಡಿಯ ಗಾಲಿಯಲ್ಲಿ ದಪ್ಪ ಮರದ ಅರಗಳು ಕಂಬದಂತೆ ಭಾರ ಹೊರುತ್ತವೆ. ಸೈಕಲ್ಲಿನ ಕಡ್ಡಿ ಅಷ್ಟು ತೆಳ್ಳಗಿದೆ. ಅದನ್ನು ನಿಲ್ಲಿಸಿ ಮೇಲಿನಿಂದ ಒತ್ತಿದರೆ ಬಾಗಿಹೋಗುತ್ತದೆ. ಅದರ ಶಕ್ತಿ ಇರುವುದು ಎಳೆತದಲ್ಲಿ. ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಕಡ್ಡಿಗಳನ್ನು ಓರೆಯಾಗಿ, ಒಂದರ ಮೇಲೊಂದು ಹಾಯುವಂತೆ ಹೆಣೆಯುವ ಕ್ರಮಕ್ಕೆ ಪೇಟೆಂಟ್ ಪಡೆದರು. ಇಂದಿಗೂ ಹೆಚ್ಚಿನ ಗಾಲಿಗಳು ಅದೇ ಕ್ರಮದವು. ಪ್ರತಿಯೊಂದು ಕಡ್ಡಿಯೂ ರಿಮ್ಮನ್ನು ತನ್ನತ್ತ ಎಳೆಯುತ್ತದೆ. ಎಲ್ಲವೂ ಸರಿಯಾಗಿ ಎಳೆದಾಗ ರಿಮ್ಮು ಯಾರ ಕಡೆಗೂ ವಾಲದೆ ದುಂಡಗೆ ನಿಲ್ಲುತ್ತದೆ.

ಗಾಲಿ ಒಂದು ಸುತ್ತು ಬಂದಾಗ ಸೈಕಲ್ಲು ಸುಮಾರು 2.1 ಮೀಟರ್ ಮುಂದೆ ಹೋಗುತ್ತದೆ. ಒಂದು ಕಿಲೋಮೀಟರಿಗೆ ಸುಮಾರು 475 ಸುತ್ತು. ಪ್ರತಿ ಸುತ್ತಿನಲ್ಲಿ ನೆಲದ ಕಡೆಗೆ ಬಂದ ಕಡ್ಡಿಯ ಬಿಗಿ ಒಂದಿಷ್ಟು ಇಳಿದು, ಮೇಲೆ ಹೋದಾಗ ಮತ್ತೆ ಏರುತ್ತದೆ. ಚೆನ್ನಾಗಿ ಬಿಗಿದ ಕಡ್ಡಿ ಇದನ್ನು ಲಕ್ಷಗಟ್ಟಲೆ ಸಲ ತಾಳಿಕೊಳ್ಳುತ್ತದೆ. ಮುರಿಯುವುದು ಹೆಚ್ಚಾಗಿ ಸಡಿಲಾದ ಕಡ್ಡಿ. ಪೂರ್ತಿ ಸಡಿಲವಾಗಿ ಮತ್ತೆ ಜಗ್ಗಿಸಿಕೊಳ್ಳುತ್ತ, ಹಬ್ಬಿನ ಬಳಿಯ ಬಾಗಿನಲ್ಲಿ ದಣಿದು ತುಂಡಾಗುತ್ತದೆ. ಭಾರ ಹೊತ್ತವನಿಗಿಂತ ಹೊರಗುಳಿದವನು ಮೊದಲು ಮುರಿಯುತ್ತಾನೆ. ಮೂರು ವಾರ ಮನೆಯಲ್ಲಿ ಮಾತು ಬಿಟ್ಟ ಮಗನನ್ನು ನೆನೆದಾಗ ನಮಗೆ ಇದೇ ಹೊಳೆದದ್ದು.

ಹಿಂದಿನ ಗಾಲಿಯಲ್ಲಿ ಇನ್ನೊಂದು ವಿಶೇಷವಿದೆ. ಬಲಗಡೆ ಹಲ್ಲುಚಕ್ರಗಳು ಜಾಗ ಹಿಡಿಯುವುದರಿಂದ ಬಲಗಡೆಯ ಕಡ್ಡಿಗಳು ಎಡಗಡೆಯವುಗಳಿಗಿಂತ ಹೆಚ್ಚು ಬಿಗಿಯಾಗಿರಲೇಬೇಕು. ಎಲ್ಲ ಕಡ್ಡಿಗೂ ಒಂದೇ ಬಿಗಿ ಎಂದು ಹೊರಟರೆ ಗಾಲಿ ನಡುವಿನಲ್ಲಿ ನಿಲ್ಲದು. ಮನೆಯಲ್ಲಿಯೂ ಎಲ್ಲರ ಪಾಲಿನ ಹೊರೆ ಒಂದೇ ಅಲ್ಲ. ತಂದೆ ತಾಯಿಯದು ಹೆಚ್ಚು, ಮಕ್ಕಳದು ಕಡಿಮೆ. ಆದರೆ ಯಾರೊಬ್ಬರೂ ಪೂರ್ತಿ ಸಡಿಲವಾಗಿರಬಾರದು. ಒಂದೇ ಕಡ್ಡಿಯನ್ನು ಅಳತೆ ಮೀರಿ ಬಿಗಿದರೂ ರಿಮ್ಮು ಅದರ ಕಡೆಗೇ ವಾಲುತ್ತದೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೇ ಅಧ್ಯಾಯದಲ್ಲಿ ದೇಹ ಮತ್ತು ಅಂಗಗಳನ್ನು ಕುರಿತು ತಿಳಿಸಿದ್ದನ್ನು ಸೈಕಲ್ ಮಿಸ್ತ್ರಿ ದಿನವೂ ಕೈಯಲ್ಲಿ ಮಾಡುತ್ತಾನೆ. ಔಟ್ ತೆಗೆಯುವಾಗ ಅವನು ಒಂದೇ ಕಡೆ ಜಗ್ಗುವುದಿಲ್ಲ. ಇತ್ತ ಕಾಲು ಸುತ್ತು ಸಡಿಲಿಸಿ, ಅತ್ತ ಕಾಲು ಸುತ್ತು ಬಿಗಿಯುತ್ತಾನೆ. ಬೆರಳಿನಿಂದ ಕಡ್ಡಿ ಮೀಟಿ ನಾದ ಕೇಳುತ್ತಾನೆ.

ಒಂದೇ ಕಡ್ಡಿಯ ಮಾತು ಬಂದದ್ದಕ್ಕೆ ಕಾರಣವಿದೆ. ಆ ತಾಯಿಯೊಂದಿಗೆ ಮಾತಾಡುತ್ತ, ಮನೆಯಲ್ಲಿ ಬೇರೆ ಸೈಕಲ್ಲು ಇದೆಯೇ ಎಂದು ವಿಚಾರಿಸಿದೆವು. “ಮಗಳದೊಂದು ಐತ್ರಿ. ಅದರ ಮ್ಯಾಲೆ ಸಾಲಿಗೆ ಹೋಗತಾಳ. ಅದಕ್ಕ ಬ್ರೇಕ ಹತ್ತಂಗಿಲ್ಲ, ಕಾಲು ಊರಿ ನಿಲ್ಲಸ್ತಾಳ” ಎಂದರು. ಎಷ್ಟು ದಿನದಿಂದ ಎಂದು ಕೇಳಿದ್ದಕ್ಕೆ, ಕಳೆದ ಮಳೆಗಾಲದಿಂದ ಎಂಬ ಉತ್ತರ ಬಂತು. ಆಕೆಗೆ ಹದಿಮೂರು ವರ್ಷ. ಏನನ್ನೂ ಕೇಳಿದವಳಲ್ಲ. ಕೇಳದ ಕಡ್ಡಿಯ ನಾದ ಮೀಟಿ ನೋಡಿದಾಗಲೇ ತಿಳಿಯುವುದು.

ಹೀಗಾಗಿ ಸರದಿಯ ಮೊದಲ ಸಾಲಿಗೂ ಮೇಲೆ ಇನ್ನೊಂದು ಸಾಲು ಸೇರಿಸಿದೆವು: ಮಗಳ ಸೈಕಲ್ಲಿನ ಬ್ರೇಕು. ಜೊತೆಗೆ ಒಂದು ಮಾತು ಹೇಳಿದೆವು. ತಂದೆ ಮಗ ಇಬ್ಬರೂ ಒಟ್ಟಿಗೆ ಮಿಸ್ತ್ರಿಯ ಅಂಗಡಿಗೆ ಹೋಗಬೇಕು; ಒಬ್ಬರನ್ನೊಬ್ಬರು ಕಳುಹಿಸಬಾರದು.

ಬಾರ್ತಾಲಿಯ ಸೈಕಲ್ಲು

ಆ ಹುಡುಗನಿಗೆಂದು ಒಬ್ಬ ಸೈಕಲ್ ಸವಾರನ ಕತೆಯನ್ನೂ ಹೇಳಿ ಕಳುಹಿಸಿದೆವು. ಇಟಲಿಯ ಜೀನೋ ಬಾರ್ತಾಲಿ ಫ್ಲಾರೆನ್ಸ್ ನಗರದ ಹತ್ತಿರ 1914ರಲ್ಲಿ ಹುಟ್ಟಿದವರು, ಭಕ್ತಿವಂತ ಕಥೋಲಿಕರು. ಜಗತ್ತಿನ ಅತಿ ಕಠಿಣ ಸೈಕಲ್ ಓಟವಾದ ಟೂರ್ ದ ಫ್ರಾನ್ಸನ್ನು 1938ರಲ್ಲಿ ಗೆದ್ದರು. ನಡುವೆ ಮಹಾಯುದ್ಧ ಬಂತು. ಹತ್ತು ವರ್ಷದ ನಂತರ, 1948ರಲ್ಲಿ, ಮತ್ತೆ ಗೆದ್ದರು.

ಆ ನಡುವಿನ ವರ್ಷಗಳಲ್ಲಿ ಅವರ ಸೈಕಲ್ಲು ಇನ್ನೊಂದು ಓಟ ಓಡಿತು. 1943–44ರಲ್ಲಿ ಜರ್ಮನ್ ಸೇನೆ ಯೆಹೂದ್ಯರನ್ನು ಹಿಡಿದು ಸಾಗಿಸುತ್ತಿತ್ತು. ಫ್ಲಾರೆನ್ಸಿನ ಕಾರ್ಡಿನಲ್ ಎಲಿಯಾ ದಲ್ಲಾ ಕೋಸ್ತಾ ಅವರ ಕೋರಿಕೆಯಂತೆ ಬಾರ್ತಾಲಿ ತರಬೇತಿಯ ನೆಪದಲ್ಲಿ ಫ್ಲಾರೆನ್ಸಿಗೂ ಅಸ್ಸಿಸಿಗೂ ಸೈಕಲ್ ತುಳಿದರು. ಫ್ರೇಮಿನ ಕೊಳವೆಯೊಳಗೆ ಸುತ್ತಿಟ್ಟದ್ದು ಯೆಹೂದ್ಯರ ಪ್ರಾಣ ಉಳಿಸುವ ಗುರುತಿನ ಕಾಗದಗಳು. ಈ ಸಂಗತಿಯನ್ನು ಅವರು ಬದುಕಿರುವವರೆಗೂ ಹೇಳಿಕೊಂಡು ತಿರುಗಲಿಲ್ಲ. 2000ದಲ್ಲಿ ತೀರಿಕೊಂಡರು. 2013ರಲ್ಲಿ ಜೆರುಸಲೇಮಿನ ಯಾದ್ ವಶೇಮ್ ಸಂಸ್ಥೆ ಅವರನ್ನು ನೀತಿವಂತರ ಸಾಲಿಗೆ ಸೇರಿಸಿ ಗೌರವಿಸಿತು.

ಇಟಲಿಯ ಕೋಮೋ ಸರೋವರದ ಬಳಿಯ ಬೆಟ್ಟದ ಮೇಲೆ ಗಿಸಾಲ್ಲೋ ಮಾತೆಯ ಚಿಕ್ಕ ದೇವಾಲಯವಿದೆ. 1949ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್ ಆ ಮಾತೆಯನ್ನು ಸೈಕಲ್ ಸವಾರರ ಪಾಲಕಿ ಎಂದು ಘೋಷಿಸಿದರು. ಅಲ್ಲಿಯ ಗೋಡೆಗಳಲ್ಲಿ ಗೆದ್ದವರ ಸೈಕಲ್ಲುಗಳನ್ನು ತೂಗುಹಾಕಿದ್ದಾರೆ. ಬಾರ್ತಾಲಿಯದೂ ಇದೆ. ಅದೇ ಊರಿನ ಸೀಮೆಯ ಫಾಬಿಯೋ ಕಸಾರ್ತೆಲ್ಲಿ ಎಂಬ ಯುವಕ 1995ರ ಟೂರ್‌ನಲ್ಲಿ ಇಳಿಜಾರಿನಲ್ಲಿ ಬಿದ್ದು ಮಡಿದಾಗ, ಅವರ ಮುರಿದ ಸೈಕಲ್ಲನ್ನೂ ಅಲ್ಲಿಯೇ ಇಟ್ಟರು. ಗೆಲುವು, ಸಾವು ಎರಡೂ ಒಂದೇ ಮಾತೆಯ ಮುಂದೆ.

ಮುಂದೇನಾಯಿತು?

ಆ ತಾಯಿಯೇ ತಿಳಿಸಿದಂತೆ, ತಂದೆ ಮಗ ಅಂಗಡಿಗೆ ಹೋದರು. ದಾರಿಯುದ್ದಕ್ಕೂ ಮಾತಿಲ್ಲ. ಮಿಸ್ತ್ರಿ ಹಿಂದಿನ ಗಾಲಿ ಬಿಚ್ಚಿ ಕಡ್ಡಿಗಳನ್ನು ಮೀಟಿ, “ತಮ್ಮಾ, ಎಡಕಿನಾವು ಆರು ಸಡಲ್ಯಾವ ನೋಡು. ಇಂಥಾದರ ಮ್ಯಾಲ ಅದ್ಹೆಂಗ ಹೊಡೀತಿದ್ದಿ?” ಎಂದನಂತೆ. ತಂದೆ ಆಗ ಮೊದಲ ಬಾರಿಗೆ ಮಗನ ಮುಖ ನೋಡಿ, “ಇದನ್ನ ನನಗ ಯಾಕ ಹೇಳಲಿಲ್ಲ?” ಎಂದರಂತೆ. ಮಗ, “ನೀ ಕೇಳಲಿಲ್ಲಪ್ಪಾ” ಎಂದನಂತೆ. ಅಲ್ಲಿಂದ ಮಾತು ಶುರುವಾಯಿತು.

ಟಯರು, ಟ್ಯೂಬು, ಬೇರಿಂಗು, ಕೆಲವು ಹೊಸ ಕಡ್ಡಿ, ಮಗಳ ಸೈಕಲ್ಲಿನ ಬ್ರೇಕು ಎಲ್ಲ ಸೇರಿ ಐದು ಸಾವಿರದ ಒಳಗೇ ಮುಗಿಯಿತು. ತಂಗಿಯ ಬ್ರೇಕನ್ನು ಕೂರಿಸಿದ್ದು ಅಣ್ಣನೇ. ಹಿಂದಿನ ಗಾಲಿಯನ್ನು ಕಬ್ಬಿನ ಹಂಗಾಮು ಮುಗಿದ ಮೇಲೆ, ಮುಂಗಡ ತೀರಿದರೆ, ಹೊಸದಾಗಿ ಹೆಣೆಸುವುದೆಂದು ಒಪ್ಪಂದವಾಗಿದೆ. ಜಾತ್ರೆಯ ಶರ್ಯತ್ತಿನಲ್ಲಿ ಹುಡುಗ ಐದನೆಯವನಾಗಿ ಬಂದ. ಬಹುಮಾನ ಮೂವರಿಗೆ ಮಾತ್ರ. ಪಂಚರ್ ಆಗಲಿಲ್ಲ. ಮುಂದೆ ಅವನು ಆಯ್ಕೆಯಾಗುತ್ತಾನೋ ಇಲ್ಲವೋ, ಅದು ಅವನ ಕಾಲುಗಳಿಗೂ ದೇವರಿಗೂ ಬಿಟ್ಟದ್ದು. ತಂದೆ ತಾಯಿ ಈಗ ಕಬ್ಬಿನ ಗದ್ದೆಯಲ್ಲಿದ್ದಾರೆ. ಅಣ್ಣ ತಂಗಿ ಅಜ್ಜಿಯ ಜೊತೆ ಊರಲ್ಲಿದ್ದಾರೆ.

ಪ್ರಿಯ ತಂದೆ ತಾಯಂದಿರೇ, ಮಕ್ಕಳು ದೊಡ್ಡದೊಂದನ್ನು ಕೇಳಿದಾಗ ಕೂಡಲೇ ಹೂಂ ಎನ್ನಬೇಡಿ, ಕೂಡಲೇ ಊಹೂಂ ಎನ್ನಲೂ ಬೇಡಿ. ಎಲ್ಲಿ ನೋಯುತ್ತಿದೆ ತೋರಿಸು ಎಂದು ಕೇಳಿ. ಈ ಭಾನುವಾರ ಬಲಿಪೂಜೆ ಮುಗಿಸಿ ಮನೆಗೆ ಬಂದ ಮೇಲೆ ಅಂಗಳದಲ್ಲಿರುವ ಸೈಕಲ್ಲುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ. ಗಾಲಿ ಎತ್ತಿ ತಿರುಗಿಸಿ, ಕಡ್ಡಿ ಮೀಟಿ, ಬ್ರೇಕು ಹಿಡಿದು ನೋಡಿ. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಕೇಳುವ ಮಗು ಯಾವುದೋ, ಅದರ ಸೈಕಲ್ಲಿನಿಂದ ಶುರುಮಾಡಿ.

ದೇವರು ನಿಮ್ಮ ಕುಟುಂಬಗಳನ್ನು ಹರಸಲಿ.